ಪೆಟ್ಟಿಗೆಯೊಳಗಿನ ಒಂದು ನಿಮಿಷ

ಬೈಲಹೊಂಗಲ
೧೮ ಜುಲೈ ೨೦೦೪, ರವಿವಾರ

ಗಂಗಾ,

ಹೆಸರಿನ ಮೊದಲು ‘ಪ್ರೀತಿಯ’ ಎಂದು ಬರೆದಿದ್ದ ಹಾಳೆಯನ್ನು ಹರಿದು ಹಾಕಿ ಇದನ್ನು ಶುರು ಮಾಡಿದ್ದೇನೆ. ಇದು ಗೆಳತಿಯ ಪತ್ರವಲ್ಲ, ಒಬ್ಬ ಗ್ರಾಹಕಳ ಪತ್ರವೆಂದು ತಿಳಿದು ಓದು.

ನಿನ್ನ ಮೊಬೈಲಿನ ಬಿಲ್ಲು ಗುರುವಾರ ಬಂತು. ಹೋದ ತಿಂಗಳು ಮುನ್ನೂರು ಚಿಲ್ಲರೆ ಇದ್ದದ್ದು ಈ ಸಲ ಸಾವಿರದ ಹತ್ತಿರ ಬಂದಿದೆ. ನರ್ಸಿಂಗ್ ಕಲಿಯಲು ನೀನು ಮೀರಜಿಗೆ ಹೊರಟಾಗ ನಿನ್ನ ಅಣ್ಣ ಬಸವಲಿಂಗ “ಹೆಣ್ಣ ಹುಡುಗಿಗೆ ಫೋನ್ ಯಾಕ ಬೇಕು” ಎಂದು ಸಹಿ ಹಾಕಲಿಲ್ಲ, ನಾನು ಹಾಕಿದೆ. ಅದಕ್ಕೇ ಸಿಮ್ಮು ನನ್ನ ಹೆಸರಿನಲ್ಲಿದೆ, ಬಿಲ್ಲು ನನ್ನ ಮನೆಗೆ ಬರುತ್ತದೆ. ಅವತ್ತು ಧಾರವಾಡದ ಅಂಗಡಿಯವನು “ಇಡೀ ದೇಶಾನ ಒಂದ ಓಣಿ ಆಗೇತ್ರಿ ಅಕ್ಕಾರ, ಎಲ್ಲಿಂದರ ಮಾತಾಡ್ರಿ” ಎಂದಿದ್ದ. ಒಂದೇ ಓಣಿಯಾದರೆ ಎಸ್‌ಟಿಡಿ, ರೋಮಿಂಗ್, ಏರ್‌ಟೈಮ್ ಎಂದು ಹೆಜ್ಜೆಗೊಂದು ಸುಂಕದ ನಾಕಾ ಯಾಕೆ?

ಶುಕ್ರವಾರ ಟೈಪಿಂಗ್ ಕ್ಲಾಸಿಗೆ ರಜೆ ಹಾಕಿ ಧಾರವಾಡಕ್ಕೆ ಹೋಗಿ ಅವರ ಆಫೀಸಿನಲ್ಲಿ ಕೇಳಿದೆ. “ಸಿಮ್ ಕರ್ನಾಟಕದ್ದು, ಫೋನ್ ಮಹಾರಾಷ್ಟ್ರದಾಗ ಐತ್ರಿ. ಬಂದ ಕಾಲ್‌ಗೂ ರೊಕ್ಕಾ ಬೀಳತೈತಿ. ಎತ್ತಲಿಲ್ಲಂದ್ರ ಅಲ್ಲಿಗೆ ಹೋಗಿದ್ದೊಂದು, ಹೊಳ್ಳಿ ಇಲ್ಲಿಗೆ ಬಂದಿದ್ದೊಂದು, ಎರಡ ಸಲ ಬೀಳತೈತಿ” ಎಂದ ಅಲ್ಲಿಯ ಕ್ಲಾರ್ಕ. “ಎತ್ತಲಾರದ ಫೋನಿಗೆ ರೊಕ್ಕಾ ತಗೊಳ್ಳೂದು ಉಣಲಾರದ ಊಟಕ್ಕ ಬಿಲ್ ಹಾಕಿದಂಗ ಆತಲ್ರಿ” ಎಂದೆ. “ಅಕ್ಕಾರ, ನಿಮ್ಮ ಹಿಂದ ಹನ್ನೆರಡ ಮಂದಿ ನಿಂತಾರ” ಎಂದ. ಅವನ ಮಾತನ್ನು ನಾನು ನಂಬಲಿಲ್ಲ. ಅರ್ಥವಾಗದ ಬಿಲ್ಲು ಕೊಡುವುದೂ ಮೋಸವೇ ಎಂದು ನನ್ನ ಬಳಿಯಿರುವ ಒಂದು ರೂಪಾಯಿಯ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಗ್ರಾಹಕರ ವೇದಿಕೆಗೆ ಕೊಡುವ ದೂರನ್ನು ಮೂರು ಪ್ರತಿ ಟೈಪ್ ಮಾಡಿ ಇಟ್ಟಿದ್ದೇನೆ.

ದೂರಿಗೆ ನಿನ್ನಿಂದ ಒಂದೇ ಒಂದು ವಿವರ ಬೇಕು. ಬೇರೆ ಯಾವ ಕಾರಣಕ್ಕೂ ಕೇಳುತ್ತಿಲ್ಲ.

ಬಿಲ್ಲಿನಲ್ಲಿ ಒಂದು ನಂಬರು ಇಪ್ಪತ್ತೊಂದು ಸಲ ಬಂದಿದೆ. ಎಲ್ಲವೂ ಸಂಜೆ ಎಂಟರ ಆಸುಪಾಸು, ಎಲ್ಲವೂ ಸರಿಯಾಗಿ ಒಂದು ನಿಮಿಷ. ಮತ್ತು ಅದು ಬೈಲಹೊಂಗಲದ ನಂಬರು. ಎಂಟು ಗಂಟೆ ನಮ್ಮಿಬ್ಬರದು ಎಂದು ಮಾತಾಗಿತ್ತು. ನಾನಂತೂ ಆ ಮಾತಿಗೆ ತಪ್ಪಿಲ್ಲ. ಸತ್ಯಪ್ಪ ಕಾಕಾನ ಕಿರಾಣಿ ಅಂಗಡಿಯ ಮುಂದಿನ ಕಾಯಿನ್ ಬಾಕ್ಸಿನಿಂದ ದಿನಾ ಎಂಟಕ್ಕೆ ಮೂರು ರಿಂಗು ಕೊಟ್ಟು ಇಟ್ಟುಬಿಡುತ್ತೇನೆ, ನಾನು ಇದ್ದೇನೆ ಎಂದು ನಿನಗೆ ಗೊತ್ತಾಗಲಿ ಎಂದು. ಒಂದು ಪೈಸೆ ಖರ್ಚಿಲ್ಲದ ಮಾತು ಅದು. ಜೂನಿನಿಂದ ಎಂಟಕ್ಕೆ ವಾರ್ಡಿನ ಡ್ಯೂಟಿ, ಫೋನು ಪೆಟ್ಟಿಗೆಯಲ್ಲಿರುತ್ತದೆ ಎಂದು ನೀನು ಬರೆದೆ. ನಂಬಿದೆ. ಹಾಗಾದರೆ ಪೆಟ್ಟಿಗೆಯೊಳಗೆ ಕುಳಿತು ದಿನಕ್ಕೊಂದು ನಿಮಿಷ ಮಾತಾಡಿದವರು ಯಾರು?

ಆ ನಂಬರಿಗೆ ಮೂರು ದಿನದಿಂದ ಹಚ್ಚುತ್ತಿದ್ದೇನೆ. ಯಾವಾಗ ಹಚ್ಚಿದರೂ ಎಂಗೇಜ್. ಇಷ್ಟು ಮಾತಾಡುವ ಮನೆ ಊರಲ್ಲಿ ಒಂದೇ, ವಿಜಯಾಳದು. ಹೋದ ತಿಂಗಳು ಅವಳು ಪೇಟೆಯಲ್ಲಿ ಸಿಕ್ಕು, “ನಮ್ಮನಿಗೂ ಫೋನ್ ಬಂತ ನೋಡವಾ, ಗಂಗಾಗ ಆಗಲೇ ನಂಬರ್ ಕೊಟ್ಟೇನಿ, ನಿನಗ ಬೇಕೇನು” ಎಂದಿದ್ದಳು. ಬೇಡ ಎಂದಿದ್ದೆ. ತಪ್ಪು ಮಾಡಿದೆ.

ದೊಡವಾಡದ ನಿಮ್ಮ ಮನೆಗೆ ಮೊದಲ ಸಲ ಬಂದಾಗ ನಿಮ್ಮವ್ವ ದೇವಕ್ಕ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು ನನಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೊಟ್ಟರು. ನೀನು ನಿನ್ನ ಲೋಟ ಸರಿಸಿ, “ನನಗೂ ಅಂಥಾದ್ರಾಗ ಹಾಕವ್ವಾ” ಎಂದು ಇಸಿದುಕೊಂಡು ಕುಡಿದೆ. ಸಮಾನತೆಯ ಬಗ್ಗೆ ನಾನು ಎಷ್ಟು ಪುಸ್ತಿಕೆ ಓದಿದ್ದೇನೋ, ಅವುಗಳಲ್ಲಿ ಒಂದೂ ಆ ಕಪ್ಪಿನಷ್ಟು ನನ್ನನ್ನು ಗಟ್ಟಿ ಮಾಡಿಲ್ಲ. ವಿಜಯಾ ನಿಮ್ಮ ಬಳಗದವಳು. ಅವಳು ನಿಮ್ಮ ಅಡುಗೆಮನೆಯ ತನಕ ಹೋಗಬಲ್ಲಳು, ಚಪ್ಪಲಿಯೊಂದನ್ನು ಬಿಟ್ಟು ಏನನ್ನೂ ಬಾಗಿಲಲ್ಲಿ ಬಿಡಬೇಕಾಗಿಲ್ಲ. ಅವಳಿಗೆ ಇರುವುದೆಲ್ಲ ಇದೆ. ನನಗೆ ಇದ್ದದ್ದು ಎಂಟು ಗಂಟೆ ಒಂದೇ.

ಇದರ ಜೊತೆ ಒಂದು ಟೈಪ್ ಮಾಡಿದ ಕಾಗದ ಇಟ್ಟಿದ್ದೇನೆ. ‘ಈ ಇಪ್ಪತ್ತೊಂದು ಕರೆಗಳನ್ನು ನಾನು ಮಾಡಿಲ್ಲ’ ಎಂದಿದೆ. ನಿಜವಾದರೆ ಸಹಿ ಹಾಕಿ ಕಳಿಸು, ನಾನು ಕಂಪನಿಯ ಜೊತೆ ಜಗಳಾಡುತ್ತೇನೆ. ಹಾಕಲಾಗದಿದ್ದರೆ ಹಾಕಬೇಡ, ನನಗೆ ಅರ್ಥವಾಗುತ್ತದೆ. ಹತ್ತು ದಿನ ಕಾಯುತ್ತೇನೆ. ಆಮೇಲೆ ನನ್ನ ಹೆಸರಿನ ಈ ನಂಬರನ್ನು ಬಂದ್ ಮಾಡಿಸುತ್ತೇನೆ. ವಿಜಯಾಳ ಅಪ್ಪ ಸಹಿ ಹಾಕಿ ಹೊಸದನ್ನು ಕೊಡಿಸಲಿ.

ನಿನ್ನ ಫೋನಿನ ಮೇಲೆ ಸಣ್ಣ ಲಕೋಟೆಯ ಚಿತ್ರ ಬಂದು ಕೂತಿದೆ, ಏನು ಒತ್ತಿದರೂ ಹೋಗುವುದಿಲ್ಲ ಎಂದು ಕೇಳಿದ್ದೆಯಲ್ಲ. ಅದೇನೋ ನನಗೆ ಗೊತ್ತಿಲ್ಲ. ಅದನ್ನೂ ಅವಳನ್ನೇ ಕೇಳು.

ಇಂತಿ, ನಿನ್ನ ಫೋನಿನ ಕಾನೂನುಬದ್ಧ ಗ್ರಾಹಕಳು,
ಸ್ನೇಹಲ್

ತಾ.ಕ.: ಈ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗ ಸಂಜೆ ಎಂಟೂವರೆ. ಇವತ್ತು ವಿಜಯಾಳ ದನಿಯನ್ನು ಕಿವಿಯಾರೆ ಕೇಳಿಯೇ ಪತ್ರ ಅಂಚೆಗೆ ಹಾಕಬೇಕೆಂದು ಕಾಯಿನ್ ಬಾಕ್ಸಿಗೆ ಹೋಗಿದ್ದೆ. ಮತ್ತೆ ಎಂಗೇಜ್. ಸತ್ಯಪ್ಪ ಕಾಕಾ ತಕ್ಕಡಿ ಬಿಟ್ಟು ಬಂದು, “ಮೂರ ದಿನಾ ಆತು, ಯಾವ ನಂಬರ್ ಅದು ಹಂಗ ಬೈಯಾಕತ್ತೀದಿ” ಎಂದ. ಓದಿ ಹೇಳಿದೆ. ಅವನು ಫೋನಿನ ಡಬ್ಬಿಯನ್ನು ತಿರುವಿ ಹಿಂದೆ ಅಂಟಿಸಿದ್ದ ಚೀಟಿ ತೋರಿಸಿದ. ಅದೇ ನಂಬರು. “ಇದ ಡಬ್ಬಿದವಾ ಅದು. ಮನಿಯೊಳಗ ನಿಂತು ನಿನ್ನ ಬಾಗಲಾ ನೀನ ಬಡದ್ರ ಯಾರ್ ಬಂದು ತಗೀಬೇಕು?”

ಗಂಗಾ, ಆ ಇಪ್ಪತ್ತೊಂದೂ ನೀನು ಮಾಡಿದ್ದಲ್ಲ, ನಾನು ಮಾಡಿದ್ದು. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೂರು ರಿಂಗಿಗೆ ಇಡುತ್ತಿರಲಿಲ್ಲ. ನೀನು ಡ್ಯೂಟಿಗೆ ಹೋದಾಗಿನಿಂದ ಅದು ಪೆಟ್ಟಿಗೆಯಲ್ಲಿ ಬಡಿದುಕೊಳ್ಳಲಿ ಎಂದು ಬಿಡುತ್ತಿದ್ದೆ. ಕೊನೆಗೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿ ಸುಮ್ಮನಾಗುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯದಿಂದ ನಾನು ರೂಪಾಯಿ ಮುಗಿಯುವ ತನಕ ಮಾತಾಡುತ್ತಿದ್ದೆ. ಅದರ ಹೋಗಿ ಬರುವ ಖರ್ಚು ನಿನ್ನ ತಲೆಗೆ ಬಿದ್ದಿದೆ. ಕ್ಲಾರ್ಕ ಹೇಳಿದ್ದು ಇದನ್ನೇ. ನಾನು ಆಡಿದ್ದೆಲ್ಲ ಕಂಪನಿಯ ಯಂತ್ರದಲ್ಲಿ ರೆಕಾರ್ಡ್ ಆಗಿರಬೇಕು; ನಿನ್ನ ಫೋನಿನ ಮೇಲೆ ಕೂತಿರುವ ಲಕೋಟೆ ನನ್ನದು.

ಹತ್ತು ದಿನ ಕಾಯುತ್ತೇನೆ ಎಂದದ್ದೂ ಸುಳ್ಳು. ಬಂದ್ ಮಾಡುವ ಅರ್ಜಿ ನಿನ್ನೆಯೇ ರಜಿಸ್ಟರ್ ಅಂಚೆಯಲ್ಲಿ ಹೋಗಿದೆ. ನಾಳೆ ಮೊದಲ ಬಸ್ಸಿಗೆ ಧಾರವಾಡಕ್ಕೆ ಹೋಗಿ ತಡೆಯಲು ನೋಡುತ್ತೇನೆ. ಪತ್ರ ಸೇರುವ ಹೊತ್ತಿಗೆ ಫೋನು ಇನ್ನೂ ಜೀವಂತವಿದ್ದರೆ ಆ ಲಕೋಟೆಯನ್ನು ಯಾರಿಂದಲಾದರೂ ಬಿಚ್ಚಿಸಿ ಕೇಳು. ಕೇಳುವುದಕ್ಕೂ ದುಡ್ಡು ಬೀಳುತ್ತದೆ, ಅದನ್ನು ನಾನು ಕಟ್ಟುತ್ತೇನೆ. ಹೆಚ್ಚಿನವು ವಿಜಯಾಳಿಗೆ ಬೈದದ್ದು, ಬಿಟ್ಟುಬಿಡು. ಕೊನೆಯದರಲ್ಲಿ ಮಾತೇ ಇಲ್ಲ. ಹತ್ತಿಯ ಲಾರಿ ಹೋದದ್ದು, ಕಾಕಾ ಕೆಮ್ಮಿದ್ದು ಕೇಳಿಸಬಹುದು. ಅವೆರಡರ ನಡುವೆ ಸುಮ್ಮನೆ ನಿಂತವಳು ನಾನು.

ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಬೇಡ. ಅದರ ಹಿಂಬದಿ ಖಾಲಿ ಇದೆ.