ನಾನಿಲ್ಲದಾಗಿನ ಮಾತು

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯ ಎರಡನೇ ಹಬೆ ಮಷಿನ್ ಇವತ್ತೂ ಕೈಕೊಟ್ಟಿತು. ಆಪರೇಷನ್ ಕತ್ತರಿ, ಚಿಮಟಗಳನ್ನು ಹಬೆಯಲ್ಲಿಟ್ಟು ತೆಗೆದರೆ ಟ್ರೇ ಒಳಗಿನ ಪಟ್ಟಿ ಕಪ್ಪಾಗಿರಬೇಕು. ಬೂದಿ ಬಣ್ಣಕ್ಕೇ ನಿಂತಿತ್ತು. ಶಾಖ ಸಾಲಲಿಲ್ಲ ಅಂತ ಅರ್ಥ. ಟ್ರೇ ಪಕ್ಕಕ್ಕಿಟ್ಟೆ. ಸೂಪರ್‌ವೈಸರ್ ಬಂದರು. ಏನು ಹೇಳಿದರೂ ‘ಆಯ್ತಾಯ್ತು’ ಅನ್ನುವುದರಿಂದ ನಮಗೆಲ್ಲ ಅವರು ಆಯ್ತಾಯ್ತು ಸರ್.

“ಮೇಲೆ ಡಾಕ್ಟ್ರು ಕಾಯ್ತಾ ಇದಾರೆ. ಸೈನ್ ಹಾಕಿ ಕಳ್ಸಮ್ಮ.”

“ಪಟ್ಟಿ ಕಪ್ಪಾಗಿಲ್ಲ ಸರ್.”

“ಆಯ್ತಾಯ್ತು.”

ಹಾಕಲಿಲ್ಲ. ಡ್ಯೂಟಿ ಮುಗಿದಿತ್ತು, ಹೊರಟುಬಂದೆ. ಕಾಲುನೋವು.

ಮಾರ್ಚ್ 13, ಗುರುವಾರ

ಆ ಟ್ರೇ ಮೇಲೆ ಹೋಗಿದೆ. ರೋಗಿಯ ಹೊಲಿಗೆ ಕೀವಾಗಿದೆ. ರಿಜಿಸ್ಟರಿನಲ್ಲಿ ನನ್ನ ಸೈನ್... ನಾನು ಹಾಕದ ಸೈನ್! 24ಕ್ಕೆ ವಿಚಾರಣೆ. ಕೆಲಸ ಹೋಗಬಹುದು. ಪೊಲೀಸ್ ಅಂತಲೂ ಯಾರೋ ಅಂದರು. ಮನೆಗೆ ಬಂದು ಮಗಳ ನೋಟ್‌ಬುಕ್ಕಿನಲ್ಲಿ ಹತ್ತು ಸಲ ಸೈನ್ ಮಾಡಿ ನೋಡಿದೆ. ನನ್ನ ಕೈಯ ಮೇಲೆ ನನಗೇ ಅನುಮಾನ.

ಮಧ್ಯಾಹ್ನ ಕೆಲಸದಲ್ಲಿ ಅಕ್ಕ ಒಬ್ಬಳೇ ಪಕ್ಕ ಬಂದು ಕೂತಳು; ನಮ್ಮ ಸೀನಿಯರ್, ಎಲ್ಲರಿಗೂ ಅಕ್ಕ. “ಊಟ ಬಿಡ್ಬೇಡ ಕಣೆ” ಅಂದಳು. ಒಡಹುಟ್ಟಿದವರೂ ಹೀಗೆ ಕೂರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನನಗೆ ಟ್ರೇ ಕಟ್ಟುವುದು ಕಲಿಸಿದವಳೇ ಅವಳು.

ಮಾರ್ಚ್ 15, ಶನಿವಾರ. ಬೆಳಿಗ್ಗೆ

ಮನೆಯಲ್ಲಿ ಇವರ ಸಲಹೆ: “ನಿಮ್ ಸೂಪರ್‌ವೈಸರ್ ಬಾಯಿಂದಾನೇ ನಿಜ ಹೊರಡ್ಸು. ಫೋನ್ ಆನ್ ಮಾಡಿ ಜೇಬಲ್ಲಿ ಇಟ್ಕೊಂಡು ಹೋಗು.”

“ಹೇಳ್ದೆ ಕೇಳ್ದೆ ರೆಕಾರ್ಡ್ ಮಾಡಿದ್ರೆ ಕಾನೂನು ಒಪ್ಪುತ್ತಾ?”

“ಒಪ್ಪದಿದ್ರೆ ಆಮೇಲೆ ನೋಡೋಣ.”

ಆಮೇಲೆ ನೋಡಬೇಕಾದವಳು ನಾನು. ಇವರಿಗೇನು, ಗಂಡಸರು, ಸಲಹೆಗೆ ಬರವಿಲ್ಲ.

ಸಂಜೆ 5

ಆಯ್ತಾಯ್ತು ಬಾಯೇ ಬಿಡಲಿಲ್ಲ. “ವಿಚಾರಣೇಲಿ ಹೇಳಮ್ಮ” ಅಂದರು, ಅಷ್ಟೆ. ಆಚೆ ಬಂದು ರೆಕಾರ್ಡಿಂಗ್ ಆಫ್ ಮಾಡುವುದನ್ನೇ ಮರೆತೆ. ಟ್ರೇ ಕಟ್ಟುವ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಫೋನಿದ್ದ ಕೋಟನ್ನು ಬಾಗಿಲಾಚೆಯ ಮೊಳೆಗೆ ಸಿಕ್ಕಿಸಿ ಒಳಗೆ ಹೋದೆ, ದಿನಾ ಮಾಡುವ ಹಾಗೆ. ರೆಕಾರ್ಡಿಂಗ್ ಮೂರು ಗಂಟೆ ಓಡಿದೆ.

ಬಸ್ಸಿನಲ್ಲಿ ಕೇಳಿದೆ. ಕೋಟಿನ ಹತ್ತಿರವೇ ನಿಂತ ಆಯ್ತಾಯ್ತು ದನಿ: “ಸೈನ್ ಹಾಕಿದ್ದು ನೀನು. ಬಾಯ್ಬಿಟ್ರೆ ಇಬ್ರೂ ಮುಳುಗ್ತೀವಿ. ಅವಳು ಹೋದ್ರೆ ಹೋಗ್ಲಿ.” ಆಮೇಲೆ ಯಾರೋ ಬಿಕ್ಕಿದ್ದು. ಆ ಬಿಕ್ಕು ನನಗೆ ಗೊತ್ತು. ಅಕ್ಕ.

ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿದ್ದೆ.

ಮಾರ್ಚ್ 18, ಮಂಗಳವಾರ

ಲಾಯರ್ ಫೋನನ್ನು ಕಿವಿಗೆ ಹಿಡಿಯಲೂ ಇಲ್ಲ. “ನೀವು ಎದುರಿಗಿದ್ದು ಆಡಿದ ಮಾತಾದ್ರೆ ತಪ್ಪಲ್ಲ ಅಂತ ವಾದ ಮಾಡ್ತೀನಿ. ನೀವಿಲ್ಲದಾಗ ಇಬ್ರು ಆಡಿದ್ದು ಬೇರೆ ಲೆಕ್ಕ. ಅದು ಕದ್ದು ಕೇಳಿದ್ದು. ಕೇಸು ನಿಮ್ ಮೇಲೇ ತಿರುಗಬಹುದು.”

“ಮರೆತು ಆಗಿದ್ದು ಸರ್.”

“ಮರೆತಿದ್ದಕ್ಕೆ ಸಾಕ್ಷಿ ಯಾರು?”

ಅಂದರೆ ನಿಜ ಹೇಳುವ ಸಾಕ್ಷಿಯೇ ನನ್ನನ್ನು ಕಳ್ಳಿ ಮಾಡುತ್ತದೆ. ಅಕ್ಕ ಎದುರು ಸಿಕ್ಕರೆ ನಾನೇ ಮುಖ ತಪ್ಪಿಸುತ್ತೇನೆ, ತಪ್ಪು ಮಾಡಿದವಳ ಹಾಗೆ.

ಮಾರ್ಚ್ 22, ಶನಿವಾರ. ಮಧ್ಯಾಹ್ನ 3

ಹೇಳಿಬಿಟ್ಟೆ. ಬಸ್ ಸ್ಟಾಪಿನ ಬೆಂಚು. ಅಕ್ಕ ಫೋನ್ ಕಿವಿಗೊತ್ತಿ ಪೂರ್ತಿ ಕೇಳಿದಳು.

“ಎಂಟು ತಿಂಗ್ಳಿಗೆ ರಿಟೈರ್ ಆಗ್ತೀನಿ. ಪೆನ್ಷನ್‌ಗೆ ಕಲ್ಲು ಹಾಕ್ತೀನಿ ಅಂದ. ನಿನ್ ಸೈನ್ ಹಾಕ್ಬಿಟ್ಟೆ ಕಣೆ.” ಫೋನನ್ನು ನನ್ನ ಕೈಗಿಟ್ಟಳು. “ಅದನ್ನ ಅಳ್ಸು. ಸೋಮವಾರ ನಾನೇ ಹೇಳ್ತೀನಿ.”

ಅವಳ ಕಣ್ಣೆದುರೇ ಅಳಿಸಿದೆ.

“ಈಗ ನಾವಾಡಿದ್ದೂ ಹಿಡೀತಿಲ್ಲ ತಾನೆ?”

ಇಲ್ಲ ಅಂದೆ.

ಬ್ಯಾಗಿನಲ್ಲಿ ಇವರ ಫೋನ್ ರೆಕಾರ್ಡ್ ಮಾಡುತ್ತಿತ್ತು. ಅವಳು ಮಾತು ತಪ್ಪಿದರೆ ನಾನೇನು ಮಾಡಲಿ? ನಾನು ಎದುರಿಗಿದ್ದ ಮಾತು. ತಪ್ಪಲ್ಲ ಅಂತ ಲಾಯರೇ ಹೇಳಿದ್ದಾರೆ. ತಪ್ಪಲ್ಲ.

ಮಾರ್ಚ್ 24, ಸೋಮವಾರ. ಸಂಜೆ

ಅಕ್ಕ ಹೇಳಿದಳು. ಕಮಿಟಿಯ ಮೂವರೆದುರು ನಿಂತು, ಒಂದಕ್ಷರ ಬಿಡದೆ. ಆಯ್ತಾಯ್ತು ಬಾಯಿಂದ ಇವತ್ತು ಬರೀ ‘ಇಲ್ಲ ಇಲ್ಲ’. ನನ್ನನ್ನು ಬಿಟ್ಟರು. ಅವರಿಬ್ಬರಿಗೂ ಸಸ್ಪೆನ್ಷನ್.

ಕಾರಿಡಾರಿನಲ್ಲಿ ಅಕ್ಕ ನನ್ನ ಕೈ ಹಿಡಿದಳು. “ನೀನು ಅಳಿಸ್ದೆ ನೋಡು, ಅದಕ್ಕೇ ಧೈರ್ಯ ಬಂತು” ಅಂದಳು. ನೆಲ ನೋಡಿದೆ.

ಬೆಂಚಿನ ಮೇಲಿನ ಆ ರೆಕಾರ್ಡಿಂಗ್ ಇಟ್ಟುಕೋ ಅಂತಾರೆ ಇವರು, ನಾಳೆ ಅವಳು ಮಾತು ಬದಲಿಸಿದರೆ ಅಂತ. ಬೇಡ. ಅಳಿಸುತ್ತೇನೆ. ಅದಕ್ಕೆ ಮುಂಚೆ ಒಮ್ಮೆ ಹಾಕಿ ಕೇಳಿದೆ. ಅಕ್ಕನ ಪ್ರಶ್ನೆ ಬಂತು. ಆಮೇಲೆ ನಾನು. ಬರೀ ಇಲ್ಲ ಅಂದೆ ಅಂತ ಮೊನ್ನೆ ಇಲ್ಲೇ ಬರೆದಿದ್ದೇನೆ. ಹಾಗಲ್ಲ. ಆ ದನಿ ನನ್ನದೇ, ಎಷ್ಟು ಸಲೀಸಾಗಿ ಬಂದಿದೆ —

“ಮಗಳಾಣೆಗೂ ಇಲ್ಲಕ್ಕ. ನಿನ್ ಹತ್ರ ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?”