ಐವಾರ್ ತಳ ಹಿಡಿದ ವರ್ಷ

ಲೆಸ್ಕೊವಾತ್ಸ್
18 ಸೆಪ್ಟೆಂಬರ್, ಭಾನುವಾರ

ಪ್ರೀತಿಯ ಸ್ತಾಮೆನಾ,

ಮಂಡಿನೋವು ಹೇಗಿದೆ? ವ್ರಾನ್ಯೆಯಲ್ಲಿ ನಿನ್ನ ಅಕ್ಕನ ಮನೆಯ ಮೆಟ್ಟಿಲು ಬಲು ಕಡಿದು, ಹುಷಾರು. ನೀನು ಹೋಗಿ ಹನ್ನೊಂದು ತಿಂಗಳಾಯಿತು. ಕೋಪ ಇಳಿಯಿತೇ ಎಂದು ಕೇಳುವ ಧೈರ್ಯವಿಲ್ಲ, ಅದಕ್ಕೇ ಮಂಡಿಯನ್ನು ವಿಚಾರಿಸುತ್ತಿದ್ದೇನೆ.

ನಿಶ್‌ನಲ್ಲಿ ನನ್ನ ಮೂಗಿನ ಆಪರೇಷನ್ ಆಗಿ ಮೂರು ವಾರವಾಯಿತು. ಗಾಬರಿಯಾಗಬೇಡ ಮಾರಾಯ್ತಿ, ಗುಂಡುಕಲ್ಲಿನ ಹಾಗಿದ್ದೇನೆ. ಒಳಗೆ ದ್ರಾಕ್ಷಿಗೊಂಚಲಿನಂತೆ ಮಾಂಸ ಬೆಳೆದಿತ್ತಂತೆ, ಪಾಲಿಪ್ ಎನ್ನುತ್ತಾರೆ. ನಾನೋ, ನೆಗಡಿಯೆಂದು ವರ್ಷಗಟ್ಟಲೆ ರಾಕಿಯಾ ಸಾರಾಯಿ ಕುಡಿದವನು! ಹೆಚ್ಚಿಟ್ಟ ಸೇಬು ಗಾಳಿಗೆ ಕಂದುವಂತೆ ಮೂಗಿನ ಒಳಪದರವೂ ಹಾಳಾಗುತ್ತದೆ, ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ, ಅದರ ಬೆನ್ನಿಗೇ ಉರಿಯೂತ, ಅದು ಆರದಿದ್ದರೆ ಹೀಗೆ ಮಾಂಸ ಬೆಳೆಯಬಹುದು ಎಂದಳು ಡಾಕ್ಟರಮ್ಮ. ನಲವತ್ತು ವರ್ಷ ಕುಡಿದ ಒಲೆಯ ಹೊಗೆಯೂ ಒಂದು ಕಾರಣವಿರಬಹುದಂತೆ. ಆಮೇಲೆ ಕೇಳಿದಳು: "ಅಜ್ಜಾ, ವಾಸನೆ ಗೊತ್ತಾಗೋದು ನಿಂತು ಎಷ್ಟು ವರ್ಷ ಆಯ್ತು?" ನಾಲ್ಕು ವರ್ಷ ಎಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ವಾಸನೆ ಮರಳಿ ಬರುತ್ತದೆಂದು ಅವಳೂ ಆಣೆ ಹಾಕಲಿಲ್ಲ.

ನೆನಪಿದೆಯಾ, ನಮ್ಮ ಮದುವೆಯಾದ ವರ್ಷ? ಬೀದಿಯ ಪ್ರತಿ ಅಂಗಳದಲ್ಲೂ ಐವಾರ್ ಗೊಜ್ಜಿಗೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದರು. ನಾನು ಕಣ್ಣುಮುಚ್ಚಿ ನಡೆಯುತ್ತಲೇ ಇದು ಯಾರ ಮನೆಯ ಒಲೆ ಎಂದು ಹೇಳುತ್ತಿದ್ದೆ. ನೀನು ಸಿಪ್ಪೆ ಸುಲಿಯುತ್ತಾ, "ಇವರಿಗೆ ಮೂಗು ಕೊಟ್ಟ ದೇವರು ಬುದ್ಧಿ ಕೊಡೋದು ಮರೆತುಬಿಟ್ಟ" ಎಂದು ಎಲ್ಲರನ್ನೂ ನಗಿಸುತ್ತಿದ್ದೆ. ಕೊಪ್ಪರಿಗೆ ಇಳಿಸುವ ಹೊತ್ತನ್ನು ನನ್ನ ಮೂಗೇ ಹೇಳಬೇಕಿತ್ತು. ಆ ಹೆಮ್ಮೆಯನ್ನು ಬಿಡಲಾರದೆ ಮೂಗು ಸತ್ತದ್ದನ್ನು ನಿನಗೂ ಹೇಳಲಿಲ್ಲ.

ಹೋದ ವರ್ಷ ಗೊಜ್ಜು ತಳ ಹಿಡಿದಾಗ ಕೈಯಾಡಿಸುತ್ತಿದ್ದವನು ನಾನೇ. ಸೀದ ವಾಸನೆ ನನಗೆ ಬರಲಿಲ್ಲ. ನೆರೆಯವರೆಲ್ಲ ಮೂಗು ಮುಚ್ಚಿಕೊಂಡಾಗ, ಎಣ್ಣೆ ಸಾಲದೆ ಹೀಗಾಯಿತೆಂದು ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ನೀನು ಏಪ್ರನ್ ಬಿಚ್ಚಿಟ್ಟು ಬಸ್ಸು ಹತ್ತಿದೆ.

ಅಕ್ಕನಿಗೆ ನಮಸ್ಕಾರ ತಿಳಿಸು. ಅವಳು ಬೈದರೆ ಬೈಯಲಿ.

ನಿನ್ನ
ವುಕಾಶಿನ್

ಮುಖ್ಯವಾದದ್ದೇ ಉಳಿಯಿತು: ನಿನ್ನೆ ಪಕ್ಕದ ಮನೆ ರಡೊಯ್ಕಾಳ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಎದ್ದು ನಿಂತು, ತಪ್ಪು ನನ್ನದು, ನನಗೆ ವಾಸನೆಯೇ ಬರುತ್ತಿರಲಿಲ್ಲ ಎಂದುಬಿಟ್ಟೆ. ಯಾರೂ ಬೆರಗಾಗಲಿಲ್ಲ. ರಡೊಯ್ಕಾ ಹೇಳಿದಳು: "ನಮಗೆ ಅವತ್ತೇ ಗೊತ್ತು. 'ಅವರಿಗೆ ವಾಸನೆ ಬರಲ್ಲ, ಯಾರೂ ನಗಬೇಡಿ' ಅಂತ ಸ್ತಾಮೆನಾ ಬಸ್ ಹತ್ತೋ ಮುಂಚೆ ಮನೆ ಮನೆಗೂ ಬಂದು ಹೇಳಿ ಹೋದ್ಲು." ನೀನು ಬರಬೇಡ. ಗುರುವಾರದ ಬಸ್ಸಿಗೆ ನಾನೇ ಬರುತ್ತೇನೆ, ಬಾಗಿಲು ತೆಗೆದರೆ ಸಾಕು.