ಬಿಚ್ಚದ ಎಡಗೈ

ಜನವರಿ 6, ಸೋಮವಾರ. ಬೆಳಿಗ್ಗೆ

ಬಿಸಿನೀರಾಗ ಕೈ ಇಟ್ಕೊಂಡು ಕುಂತಿದ್ದೆ, ಈಗ ಎದ್ದೆ. ಬಲಗೈ ಪೆನ್ ಹಿಡಿಯೋ ಅಷ್ಟು ಸಡ್ಲಾಗ್ಯಾದ. ಎಡಗೈ ಇನ್ನೂ ಮುಷ್ಟಿ ಬಿಗಿದು ಕುಂತದ, ಯಾರ ಮ್ಯಾಲ ಸಿಟ್ಟೋ ಏನೋ. ಡಾಕ್ಟರ್ ಬೆರಳು ಆಡಸ್ರಿ ಅಂದಾರ, ಅದಕ್ಕ ಈ ಬರಿಯೋದು. ಕೀಲುಬ್ಯಾನಿ. ಪೂರಾ ಹೋಗಂಗಿಲ್ಲಂತ, ಸಂಭಾಳಿಸ್ಕೊಂಡು ಇರಬೇಕಂತ. ಗಂಡನ್ನ ಇಷ್ಟು ವರ್ಷ ಸಂಭಾಳಿಸೀನಿ, ಇದೇನು ಮಹಾ.

ಅವರು ಜಂಪರಿನ ಹುಕ್ಕು ಹಾಕಿ ಕೊಟ್ಟು ಅಂಗಡಿಗಿ ಹೋದ್ರು. ಮುದುಕ ಆಗೋ ಹೊತ್ತಿಗಿ ಕಲ್ತಾರ. ನಿನ್ನಿ ಒಂದು ಹುಕ್ಕು ತಪ್ಪಿಸಿ ಹಾಕಿದ್ರು. ಓಣಿ ತುಂಬ ಹಂಗೇ ತಿರುಗೀನಿ.

ಎದುರುಮನಿ ಮಾಳಮ್ಮ ಎಕ್ಕಿ ಎಲಿ ತಂದು ಕೊಟ್ಟಿದ್ಲು, ಬಿಸಿ ಮಾಡಿ ಕಟ್ಕೊಳ್ಳಾಕ. ಕಟ್ಕೊಂಡೆ. ಕೈ ಎಷ್ಟು ತುರಸ್ತಂದ್ರ ಬ್ಯಾನಿ ಮರ್ತೇ ಹೋತು. ಲಾಭನೇ ಅನ್ರಿ.

ಚಿಂತಿ ಒಂದೇ, ಲಿಂಗಪೂಜಾದ್ದು. ಎಡ ಅಂಗೈ ಮ್ಯಾಲ ಲಿಂಗ ಇಟ್ಕೋಬೇಕು, ಅಂಗೈ ಬಿಚ್ಚವಲ್ದು. ಮಗ್ಗಲದಾಗೇ ಅತ್ತಿ ಪೂಜಿಗಿ ಕುಂತಿರ್ತಾಳ. ನಮ್ಮತ್ತಿ ಸುಂದರಬಾಯಿ ಬಂದ್ಲಂದ್ರ ಓಣಿ ಹೆಂಗಸರೆಲ್ಲಾ ಸೆರಗು ಸರಿ ಮಾಡ್ಕೋತಾರ.

ಜನವರಿ 13, ಸೋಮವಾರ. ಭೋಗಿ

ಬಿತ್ತು.

ಅತ್ತಿ ಬಚ್ಚಲದಾಗಿದ್ಲು. ನೀರು ಹಾಕಾಕ ಹೋದೆ, ಬೆರಳು ಜಗ್ಗಿತು, ಲಿಂಗ ಜಾರಿ ನೆಲಕ್ಕ... ಆ ಸಪ್ಪಳ ಇನ್ನೂ ಕಿವ್ಯಾಗದ. ಒಡದಿಲ್ಲ. ಒರೆಸಿ ಕರಡಗಿಯೊಳಗ ಇಟ್ಟು ಕೊರಳಿಗಿ ಹಾಕ್ಕೊಂಡೆ. ಯಾರಿಗೂ ಹೇಳಿಲ್ಲ.

ನಾರಾಯಣಖೇಡದಾಗ ನಮ್ಮಜ್ಜಿ ಹೇಳ್ತಿದ್ಲು — ಲಿಂಗ ಬಿದ್ರ, ಅಯ್ಯನೋರ ಕೈಲಿಂದ ಮತ್ತ ಕಟ್ಟಿಸ್ಕೊಳ್ಳೋ ತನ ಪೂಜಾ ಇಲ್ಲ, ಬಾಯಾಗ ಅನ್ನ ಇಡಬಾರದು. ಮನಿ ತುಂಬ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಭಜ್ಜಿ ವಾಸನಿ. ಹೊಟ್ಟಿ ಸರಿ ಇಲ್ಲ ಅಂದೆ. ಗುಳಿಗಿ ಉಂಡ ಮ್ಯಾಲ ನುಂಗೋವು. ಊಟನೇ ಇಲ್ಲ, ಗುಳಿಗಿ ಎಲ್ಲಿಂದ?

ಅಂಜಿಕಿ ಆಗ್ಲಕತ್ತದ. ಅತ್ತಿಗಿ ಗೊತ್ತಾದ್ರ ಈ ಕೈಲೆ ಮತ್ತ ಲಿಂಗ ಹಿಡಿಯಾಕ ಬಿಡಲ್ಲ.

ಜನವರಿ 15, ಬುಧವಾರ. ಸಂಜಿ

ಡಾಕ್ಟರ್ ಕಡಿ ಹೋಗ್ತೀನಿ ಅಂತ ಸುಳ್ಳು ಹೇಳಿ ಬಸ್ಸಿಗಿ ಝರಾಸಂಗಮಕ್ಕ ಹೋಗಿದ್ದೆ, ಅಯ್ಯನೋರ ಹತ್ರ. ಅವರು ತಾಂಡೂರಿಗಿ ಹೋಗ್ಯಾರ, ಯಾರದೋ ಮನಿ ಶಾಂತಿಗಿ. ಐತವಾರ ಬರ್ತಾರಂತ. ಫೋನಿನ್ಯಾಗ ಹೇಳೋ ಮಾತಾ ಇದು? ಹಂಗೇ ತಿರುಗಿ ಬಂದೆ.

ಹಾಲು, ಬಾಳಿಹಣ್ಣಿನ ಮ್ಯಾಲ ನಡದದ. ಅವೆರಡರ ಬಗ್ಗೆ ಅಜ್ಜಿ ಏನೂ ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಗುಳಿಗಿ ಬಿಟ್ಟಿದ್ದಕ್ಕ ಮೊಣಕಾಲೂ ಬಾತಾವ. ಮೊದ್ಲ ಕೈ ಒಂದೇ ಮುನಿಸ್ಕೊಂಡಿತ್ತು, ಈಗ ಮೈಗಿ ಮೈಯೇ ಮುನಿಸ್ಕೊಂಡದ. ಬಚ್ಚಲದಾಗ ಏಳಬೇಕಂದ್ರ ನಳ ಹಿಡಿಬೇಕು. ನಳ ಕಿತ್ತು ಬಂದ್ರ ಪ್ಲಂಬರಿಗಿ ಏನಂತ ಹೇಳೋದೋ ಶಿವನೇ ಬಲ್ಲ.

ಪೂಜಿಗಿ ಕುಂತಂಗ ಮಾಡ್ತೀನಿ, ಕರಡಗಿ ತಗಿಯಲ್ಲ. ಅತ್ತಿ ಕಣ್ಣು ಮುಚ್ಚಿರ್ತಾಳ. ನೋಡಿಲ್ಲ ಅನ್ಕೊಂಡೀನಿ.

ಜನವರಿ 16, ಗುರುವಾರ

ಅಡಗಿಮನ್ಯಾಗ ಬಿದ್ದೆ. ಈ ಸಲ ನಾನೇ.

ಕಣ್ಣು ಬಿಟ್ರ ಅತ್ತಿ ತೊಡಿ ಮ್ಯಾಲ ತಲಿ, ಬಾಯಾಗ ಸಕ್ರಿ. ಏನಾಗ್ಯಾದ ಹೇಳು ಅಂದ್ಲು. ಎಲ್ಲಾ ಹೇಳಿಬಿಟ್ಟೆ, ಲಿಂಗ ಬಿದ್ದದ್ದು, ಝರಾಸಂಗಮಕ್ಕ ಹೋಗಿದ್ದು, ಗುಳಿಗಿ ಬಿಟ್ಟಿದ್ದು. ಮುಗೀತು ನನ್ನ ಕಥಿ ಅನ್ಕೊಂಡೆ. ಆಕಿ ಎದ್ದು ಹೋಗಿ ಅನ್ನಕ್ಕ ಸಾರು ತುಪ್ಪ ಹಾಕಿ ಕಲಸ್ಕೊಂಡು ಬಂದ್ಲು. ಅಯ್ಯನೋರಿಗಿ ತಾನೇ ಹೇಳ್ತಾಳಂತ, ನಾ ಉಣ್ಣಬೇಕಂತ. ನಮ್ಮಜ್ಜಿ ಉಣ್ಣಬಾರದು ಅಂತಿದ್ಲ್ರೀ ಅಂದೆ.

"ನಿಮ್ಮಜ್ಜಿ ಗುಳಿಗಿ ನುಂಗ್ತಿದ್ಲೇನು?"

ತುತ್ತು ಮಾಡಿ ಬಾಯಾಗ ಹಾಕಿದ್ಲು. ಅತ್ತಿ... ನನಗ. ಅಳು ಬಂತು. ಖಾರಕ್ಕ ಅಂದೆ. ಸಾರಿನ್ಯಾಗ ಖಾರನೇ ಇದ್ದಿಲ್ಲ.

ಜನವರಿ 17, ಶುಕ್ರವಾರ

ಪೂಜಿಗಿ ಅತ್ತಿ ಮಗ್ಗಲಿಗಿ ಕುಂಡ್ರಲಿಲ್ಲ, ಎದುರಿಗಿ ಕುಂತ್ಲು. ಕರಡಗಿ ತಗಿ, ಅಯ್ಯನೋರು ಬರೋ ತನ ಪೂಜಾ ಬಿಡೋದು ಬ್ಯಾಡ ಅಂದ್ಲು. ಮತ್ತ ಬಿದ್ರ ಅಂದೆ. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಂಗಿಲ್ಲ. ಈ ಮನಿಗಿ ಬಂದಾಗ ಆಕಿನೇ ನನಗ ತಾಕೀತು ಮಾಡಿದ್ದು.

"ಲಿಂಗ ನಾ ಮುಟ್ಟಲ್ಲ. ನಿನ್ನ ಕೈ ಹಿಡೀತೀನಿ."

ನನ್ನ ಬೆರಳು ಒಂದೊಂದೇ ಸಡ್ಲ ಮಾಡಿದ್ಲು, ನೋವಾಗದಂಗ. ಕೆಳಗ ತನ್ನ ಅಂಗೈ ಇಟ್ಳು. ಲಿಂಗ ನಿಂತಿತು. ನೀರು ಹಾಕಿದೆ, ಇಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಬಿಟ್ಟ ದಿನದ್ದೆಲ್ಲಾ ಕೂಡಿಸಿ ಬೇಡ್ಕೊಳ್ಳಾಕ ಹೋದೆ. ಲಗೂ ಮುಗಸು, ಕೈ ಜೋಮು ಹಿಡೀತು ಅಂತ ಬೈದ್ಲು.

ಎದಿ ಹಗುರ ಆಗ್ಯಾದ. ರೊಟ್ಟಿ ಉಂಡೆ, ಗುಳಿಗಿ ನುಂಗಿದೆ, ಮತ್ತೊಂದು ರೊಟ್ಟಿ ಉಂಡೆ.

ಜನವರಿ 19, ಐತವಾರ

ಅಯ್ಯನೋರು ಬಂದಿದ್ರು, ಅತ್ತಿ ಕರೆಸಿದ್ಲು. ಲಿಂಗ ನೋಡಿದ್ರು, ಎಲ್ಲೂ ಸೀಳಿಲ್ಲ. ನೀರು ಹಾಕಿ, ಇಭೂತಿ ಹಚ್ಚಿ, ಹೊಸ ಶಿವದಾರ ಕಟ್ಟಿ ಕೊಟ್ರು. ಕೈಗಿ ಬ್ಯಾನಿ ಅದ, ಬಿತ್ತು, ಅದಕ್ಕ ಉಪಾಸ ಕುಂದ್ರು ಅಂತ ಶಿವ ಹೇಳಿದ್ನೇನು ಅಂತ ಬೈದ್ರು. ಬೈಸ್ಕೊಂಡು ಇಷ್ಟು ಖುಷಿ ಯಾವತ್ತೂ ಆಗಿದ್ದಿಲ್ಲ. ಚಹಾ ಕುಡೀತಾ ತಮ್ಮ ಸೊಂಟಬ್ಯಾನಿಗಿ ಯಾವ ಡಾಕ್ಟರ್ ಛಲೋ ಅಂತ ನನ್ನೇ ಕೇಳಿದ್ರು. ಹೇಳಿದೆ. ಎಕ್ಕಿ ಎಲಿ ಮಾತ್ರ ಹೇಳಿಲ್ಲ.

ಫೆಬ್ರವರಿ 11, ಮಂಗಳವಾರ

ಗುಳಿಗಿ ಹತ್ಯಾವ. ಎಡಗೈ ಇವತ್ತು ತಾನೇ ಬಿಚ್ಚಿತು, ಪೂರಾ. ನನ್ನ ಅಂಗೈ ಗೆರಿ ನಾ ನೋಡಿ ಎಷ್ಟು ದಿನ ಆಗಿತ್ತೋ.

ಪೂಜಾದಾಗ ಲಿಂಗ ನಾ ಒಬ್ಬಾಕಿನೇ ಹಿಡೀಬಹುದಿತ್ತು. ಅತ್ತಿ ನನ್ನ ಬೆರಳು ನೋಡಿದ್ಲು. ನೋಡಿನೂ ದಿನದಂಗ ಕೆಳಗ ಅಂಗೈ ಇಟ್ಳು. ಬ್ಯಾಡ್ರೀ ಅಂತ ನಾ ಅನ್ಲಿಲ್ಲ. ಆಕಿನೂ ತಗೀಲಿಲ್ಲ.

ನಾಳಿ ಮತ್ತ ಬಿಗೀಬಹುದು, ಈ ಬ್ಯಾನಿ ಸ್ವಭಾವನೇ ಹಂಗ. ಬಿಗೀಲಿ. ಹೆಂಗಿದ್ರೂ ಕೆಳಗ... ಅತ್ತಿ ಕರೀಲಕತ್ತಾಳ. ಬಂದೆ ರೀ ಅಂದೀನಿ, ಇನ್ನೂ ಬರೀತಾ ಕುಂತೀನಿ.